ಎಷ್ಟು ಸಂದರ್ಶನಗಳು ಸಾಕು?

ಸ್ವದೇಶದಲ್ಲಿ ಪಿ.ಜಿ. ಮಾಡಬಯಸುವ ವೈದ್ಯರಿಗೆ ನೀಟ್ ಪರೀಕ್ಷೆಯ ರ‍್ಯಾಂಕು, ಕೌನ್ಸೆಲಿಂಗಿನಲ್ಲಿ ತುಂಬುವ ಆಯ್ಕೆಪಟ್ಟಿ, ಮುಖ್ಯವಾಗಿ ಇವೆರಡೇ ಸೀಟನ್ನು ನಿರ್ಣಯಿಸುವುವು. ಯಾರೆದುರಿಗೂ ಕುಳಿತು ತಮ್ಮ ಯೋಗ್ಯತೆಯನ್ನು ನಿರೂಪಿಸಬೇಕಾದುದಿಲ್ಲ. ಆದರೆ ಬೆಳಗಾವಿಯಲ್ಲಿ 1963ರಲ್ಲಿ ಕೆ.ಎಲ್.ಇ. ಸಂಸ್ಥೆಯು ಸ್ಥಾಪಿಸಿದ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದಂಥ ಕಡೆಗಳಲ್ಲಿ ಓದಿ, ಅಮೆರಿಕೆಯಲ್ಲಿ ಪಿ.ಜಿ.ಗೆ ಸಮಾನವಾದ ರೆಸಿಡೆನ್ಸಿ ತರಬೇತಿಯನ್ನು ಅಪೇಕ್ಷಿಸುವವರ ಮಾರ್ಗವು ಬೇರೆಯೇ ಆಗಿದೆ. ಸೆಪ್ಟೆಂಬರಿನಲ್ಲಿ ಅರ್ಜಿ, ಅಕ್ಟೋಬರಿನಿಂದ ಜನವರಿಯವರೆಗೆ ಸಂದರ್ಶನಗಳು, ಅನಂತರ ಆಸ್ಪತ್ರೆಗಳನ್ನು ಇಷ್ಟಾನುಕ್ರಮದಲ್ಲಿ ಬರೆದುಕೊಡುವ ಪಟ್ಟಿ, ಮಾರ್ಚಿ ತಿಂಗಳ ಮೂರನೆಯ ಶುಕ್ರವಾರ ಅಭ್ಯರ್ಥಿಗಳ ಹಾಗೂ ಆಸ್ಪತ್ರೆಗಳ ಪಟ್ಟಿಗಳನ್ನು ಹೊಂದಿಸುವ ‘ಮ್ಯಾಚ್’ನ ಫಲಿತಾಂಶ.

ಬೆಳಗಾವಿ ಜಿಲ್ಲೆಯ ಖಾನಾಪುರದ ಇಂಥ ಒಬ್ಬ ಯುವವೈದ್ಯೆಯನ್ನು ಕಲ್ಪಿಸಿಕೊಳ್ಳೋಣ. ಅವಳಿಗೆ ಹದಿನೈದು ಆಸ್ಪತ್ರೆಗಳಿಂದ ಕರೆ ಬಂದಿದೆ. “ಬಂದದ್ದು ಯಾವುದೂ ಬಿಡಬ್ಯಾಡವ್ವಾ” ಎನ್ನುತ್ತಾರೆ ತಂದೆ. ಮೊದಲು ವಿಮಾನದ ವೆಚ್ಚವೇ ಈ ಸಂಖ್ಯೆಗೆ ಮಿತಿಯನ್ನು ಹಾಕುತ್ತಿತ್ತು. 2020ರಿಂದೀಚೆಗೆ ಬಹುಪಾಲು ಸಂದರ್ಶನಗಳು ಕಂಪ್ಯೂಟರಿನ ಪರದೆಯ ಮೇಲೆಯೇ ನಡೆಯುವುದರಿಂದ, ಆ ಮಿತಿಯನ್ನು ಅಭ್ಯರ್ಥಿಯು ತಾನೇ ಹಾಕಿಕೊಳ್ಳಬೇಕಾಗಿದೆ.

ಇದನ್ನು ನಿರ್ಧರಿಸಬೇಕಾದರೆ ಮ್ಯಾಚ್ ನಡೆಯುವ ಬಗೆಯನ್ನು ಅರಿಯುವುದು ಅವಶ್ಯ. ಗಣಕಯಂತ್ರವು ಅಭ್ಯರ್ಥಿಯ ಪಟ್ಟಿಯ ಮೊದಲನೆಯ ಆಸ್ಪತ್ರೆಯಿಂದ ಆರಂಭಿಸಿ, ಅದೂ ಅವಳನ್ನು ಬಯಸಿದ್ದು ಸ್ಥಾನವಿದ್ದರೆ ತಾತ್ಕಾಲಿಕವಾಗಿ ಅಲ್ಲಿರಿಸಿ, ಆಸ್ಪತ್ರೆಯು ಹೆಚ್ಚು ಮೆಚ್ಚಿದ ಇನ್ನೊಬ್ಬರು ಬಂದು ಅವಳು ಸ್ಥಾನಭ್ರಷ್ಟಳಾದರೆ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಸಾಗುತ್ತದೆ. 1962ರಲ್ಲಿ ಗೇಲ್ ಮತ್ತು ಶಾಪ್ಲಿ ಎಂಬ ಗಣಿತಜ್ಞರು ಪ್ರತಿಪಾದಿಸಿದ ತತ್ತ್ವವಿದು. ಇದರ ಆಧಾರದ ಮೇಲೆ ಇಂದಿನ ಮ್ಯಾಚನ್ನು ರೂಪಿಸಿದ ಆಲ್ವಿನ್ ರಾತ್ ಅವರು ಶಾಪ್ಲಿಯವರೊಡನೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ನಿಜವಾದ ಇಷ್ಟದಂತೆ ಪಟ್ಟಿ ಬರೆದವರಿಗೆ ಇದರಿಂದ ಹಾನಿಯಿಲ್ಲ. ಆದರೆ ಸಂದರ್ಶನವಾಗದ ಆಸ್ಪತ್ರೆಯನ್ನು ಪಟ್ಟಿಯಲ್ಲಿ ಬರೆದು ಪ್ರಯೋಜನವಿಲ್ಲದುದರಿಂದ, ಪಟ್ಟಿಯ ಉದ್ದವು ಸಂದರ್ಶನಗಳ ಸಂಖ್ಯೆಯನ್ನೇ ಅವಲಂಬಿಸಿದೆ.

ಒಂದು ಸರಳ ಲೆಕ್ಕವನ್ನು ನೋಡಬಹುದು. ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಸ್ಥಾನ ದೊರೆಯುವ ಸಂಭವವು ಐದರಲ್ಲಿ ಒಂದು ಎಂದು ಭಾವಿಸಿದರೆ, 5 ಸಂದರ್ಶನಗಳಾದ ಮೇಲೂ ಬರಿಗೈಯಾಗುವ ಸಂಭವ ನೂರಕ್ಕೆ ಸುಮಾರು 33, 10ಕ್ಕೆ ಸುಮಾರು 11, 15ಕ್ಕೆ ಮೂರೂವರೆ. ಮೊದಲ ಐದು ಸಂದರ್ಶನಗಳು ನೀಗಿದ ಭಯವನ್ನು ಕೊನೆಯ ಐದು ನೀಗಲಾರವು. ಅಲ್ಲದೆ ಎಲ್ಲ ಕಡೆಯೂ ಕುಳಿತು ಮಾತನಾಡುವವಳು ಅವಳೊಬ್ಬಳೇ. ಅವಳ ಮಾತಿನಲ್ಲಿ ಒಂದು ದೋಷವಿದ್ದರೆ ಅದು ಹದಿನೈದು ಕಡೆಯೂ ಪುನರಾವರ್ತನೆಯಾಗುವುದರಿಂದ, ನಿಜಸ್ಥಿತಿಯು ಈ ಲೆಕ್ಕದಷ್ಟು ಸುಖಕರವಾಗಿಲ್ಲ.

ಆಯಾಸವನ್ನೂ ಗಣನೆಗೆ ತೆಗೆದುಕೊಳ್ಳತಕ್ಕದ್ದು. ನವೆಂಬರಿನ ಮೊದಲ ಭಾನುವಾರದ ಅನಂತರ ನ್ಯೂಯಾರ್ಕಿನ ಬೆಳಗ್ಗೆ 8 ಗಂಟೆಯು ನಮಗೆ ಸಂಜೆ 6:30. ಕ್ಯಾಲಿಫೋರ್ನಿಯದ 8 ಗಂಟೆಯು ರಾತ್ರಿ 9:30. ಹಗಲೆಲ್ಲ ವಾರ್ಡಿನಲ್ಲಿ ಡ್ಯೂಟಿ ಮಾಡಿ, ಖಾನಾಪುರಕ್ಕೆ ಬಸ್ಸಿನಲ್ಲಿ ಮರಳಿ, ನಡುರಾತ್ರಿಯವರೆಗೆ ನಗುಮುಖದಿಂದ ಉತ್ತರ ಹೇಳುವುದು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾದರೆ, ಒಂದು ಸಂದರ್ಶನವು ಇನ್ನೊಂದನ್ನು ಕೆಡಿಸೀತು. ನೆಟ್ಟ ಭತ್ತದ ಸಸಿ ದಟ್ಟವಾದರೆ ತೆನೆ ಸಣ್ಣದಾಗುವುದೆಂಬುದನ್ನು ಆ ತಾಲೂಕಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಕಡಮೆ ಮಾಡುವುದರಲ್ಲಿಯೂ ಅಪಾಯವಿದೆ. ಅಮೆರಿಕೆಯಲ್ಲಿಯೇ ಎಂ.ಡಿ. ಓದಿದವರಲ್ಲಿ ನೂರಕ್ಕೆ ಸುಮಾರು 93 ಮಂದಿಗೆ ಸ್ಥಾನ ದೊರೆತರೆ, ಹೊರದೇಶದಲ್ಲಿ ಓದಿದ ಅನ್ಯದೇಶೀಯರಲ್ಲಿ ಇತ್ತೀಚೆಗೆ ದೊರೆಯುತ್ತಿರುವುದು ಅರುವತ್ತರ ಆಸುಪಾಸಿನಷ್ಟು ಮಂದಿಗೆ ಮಾತ್ರ. ಆದುದರಿಂದ ನಾಲ್ಕೈದೇ ಕರೆಗಳು ಬಂದವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ; ಎಲ್ಲಕ್ಕೂ ಹಾಜರಾಗಬೇಕು. ಹದಿನೈದು ಬಂದವಳಿಗೆ ಹತ್ತು ಹನ್ನೆರಡು ಸಾಕೆಂದು ನನ್ನ ಅಭಿಪ್ರಾಯ. ಯಾವುದನ್ನು ಬಿಡಬೇಕೆಂಬುದಕ್ಕೆ ಒಂದೇ ಪರೀಕ್ಷೆ: ಮ್ಯಾಚಿನ ಫಲಿತಾಂಶವು ಉಭಯಪಕ್ಷಗಳನ್ನೂ ಬಂಧಿಸುವುದರಿಂದ, ಆ ಊರೇ ಗತಿಯೆಂದಾದರೆ ಹೋಗಿ ತರಬೇತಿ ಮುಗಿಯುವವರೆಗೆ ಇರಬಲ್ಲೆನೇ ಎಂದು ಕೇಳಿಕೊಳ್ಳಬೇಕು. ಇರಲಾರೆನೆಂದಾದರೆ ಅದು ಪಟ್ಟಿಗೂ ಬೇಡ, ಸಂದರ್ಶನಕ್ಕೂ ಬೇಡ.

ಬಿಡುವುದೆಂದು ನಿಶ್ಚಯಿಸಿದ ಕರೆಯನ್ನು ಕೊನೆಯ ದಿನದವರೆಗೆ ಹಿಡಿದುಕೊಳ್ಳದೆ, ಎರಡು ವಾರ ಮುಂಚೆಯೇ ವಿನಯಪೂರ್ವಕವಾಗಿ ಪತ್ರ ಬರೆದು ಬಿಟ್ಟುಕೊಡಿರಿ. ಒಂದು ಕರೆಯೂ ಬಾರದೆ ಕಾದು ಕುಳಿತಿರುವ ಇನ್ನೊಬ್ಬ ವೈದ್ಯರಿಗೆ ಆ ದಿನ ದೊರೆಯಬಹುದು.