ಬ್ರೇಕ್ ಕಿರುಚಿದರೆ ಎಣ್ಣೆ ಬಿಡಬೇಡಿ!

ಬಾಗಿಲು ಕಿರುಗುಟ್ಟಿದರೆ ಎರಡು ತೊಟ್ಟು ಎಣ್ಣೆ. ಹೊಲಿಗೆ ಯಂತ್ರ ಸದ್ದು ಮಾಡಿದರೆ ಎಣ್ಣೆ. ಸೈಕಲ್ ಚೈನ್ ಕರಕರ ಎಂದರೂ ಎಣ್ಣೆಯೇ. ಮನೆಯ ಎಲ್ಲ ಸದ್ದಿಗೂ ಒಂದೇ ಮದ್ದು ಕಂಡು ಬೆಳೆದ ಹುಡುಗ, ಅಪ್ಪನ ಹಳೆಯ ಮಾರುತಿ 800 ಕಾರಿನ ಮುಂದಿನ ಚಕ್ರ ಬ್ರೇಕ್ ಒತ್ತಿದಾಗಲೆಲ್ಲ ‘ಕೀ...’ ಎಂದು ಕಿರುಚುವುದನ್ನು ಕೇಳಿ ಎಣ್ಣೆ ಡಬ್ಬಿ ಹಿಡಿದು ಹೊರಟರೆ ಆಶ್ಚರ್ಯವಿಲ್ಲ. ಆದರೆ ಆ ಎರಡು ತೊಟ್ಟು ಎಣ್ಣೆ ಸದ್ದಿನ ಜೊತೆಗೆ ಬ್ರೇಕಿನ ಹಿಡಿತವನ್ನೂ ಕಳೆದುಬಿಡುತ್ತದೆ!

ಬಾಗಿಲಿಗೆ ಘರ್ಷಣೆ ಶತ್ರು. ಬ್ರೇಕಿಗೆ ಅದೇ ಜೀವ. ಮಾರುತಿ 800ರ ಮುಂದಿನ ಚಕ್ರದೊಂದಿಗೆ ಉಕ್ಕಿನಂತೆ ಹೊಳೆಯುವ ಎರಕದ ಕಬ್ಬಿಣದ ತಟ್ಟೆಯೊಂದು ಸುತ್ತುತ್ತದೆ. ಅದೇ ಡಿಸ್ಕ್. ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಇಕ್ಕಳ ಎರಡು ಪ್ಯಾಡ್‌ಗಳಿಂದ ಆ ತಟ್ಟೆಯನ್ನು ಎರಡೂ ಕಡೆಯಿಂದ ಅದುಮುತ್ತದೆ. ಇಬ್ಬರು ಕುಳಿತ ಕಾರಿನ ತೂಕ ಸುಮಾರು 800 ಕಿಲೋಗ್ರಾಂ, ವೇಗ ಗಂಟೆಗೆ 60 ಕಿಲೋಮೀಟರ್ ಎಂದಿಟ್ಟುಕೊಂಡು ಪಿಯುಸಿ ವಿದ್ಯಾರ್ಥಿಗಳು ಲೆಕ್ಕ ಹಾಕಲಿ. ಚಲನಶಕ್ತಿ ಸುಮಾರು 1 ಲಕ್ಷ 11 ಸಾವಿರ ಜೂಲ್ ಬರುತ್ತದೆ. ಮೂರನೇ ಒಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಇಷ್ಟು ಸಾಕು. ಕಾರು ನಿಲ್ಲಬೇಕಾದರೆ ಇದೆಲ್ಲ ಶಾಖವಾಗಿ ಹೊರಹೋಗಬೇಕು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಬಹುಪಾಲು ಕೆಲಸ ಮುಂದಿನ ಚಕ್ರಗಳದ್ದೇ.

ಕಿರುಚಾಟದ ಗುಟ್ಟನ್ನು ತರಗತಿಯಲ್ಲೇ ಕಾಣಬಹುದು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಹಿಡಿದ ಓರೆ ತಪ್ಪಿದರೆ ಮೈ ಜುಮ್ಮೆನ್ನುವ ಸದ್ದು ಬರುತ್ತದಲ್ಲ? ಸುಣ್ಣದ ಕಡ್ಡಿ ಅಂಟಿ, ಜಾರಿ, ಮತ್ತೆ ಅಂಟಿ, ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸುತ್ತದೆ. ಪ್ಯಾಡ್ ಮಾಡುವುದೂ ಅದನ್ನೇ. ಈ ಕಾಟ ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಾಗ ಬಳಸಿದ್ದು ತಾಮ್ರದ ಪ್ಯಾಡ್. ಅದರ ಸದ್ದು ಅಸಹನೀಯವಾಗಿತ್ತಂತೆ.

ಎಲ್ಲ ಸದ್ದೂ ರೋಗವಲ್ಲ. ಮಳೆ ಬಿದ್ದ ರಾತ್ರಿ ಹೊರಗೆ ನಿಂತ ಕಾರು ಬೆಳಿಗ್ಗೆ ನಾಲ್ಕು ಬಾರಿ ‘ಸರ್’ ಎಂದು ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಉಜ್ಜಿ ಹೋಗುತ್ತದೆ. ಆಗುಂಬೆ ಘಾಟಿಯನ್ನು ಗೇರ್ ಇಳಿಸದೆ ಬ್ರೇಕಿನ ಮೇಲೇ ಕಾಲಿಟ್ಟು ಇಳಿದು ಬಂದ ಮೇಲೆ ಶುರುವಾದ ಕಿರುಚಾಟವಾದರೆ, ಕಾದ ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿರುವ ಸಂಭವ ಹೆಚ್ಚು. ಹಳ್ಳ ಹಾರಿದಾಗ ‘ಟಕಟಕ’ ಎಂದರೆ ಪ್ಯಾಡ್ ಹಿಡಿದಿಡುವ ಸ್ಪ್ರಿಂಗ್ ತಗಡು ಸಡಿಲವಾಗಿದೆ ಅಥವಾ ಬಿದ್ದೇ ಹೋಗಿದೆ. ಕೆಲವು ಪ್ಯಾಡ್‌ಗಳಲ್ಲಿ ಸಣ್ಣ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀರಲು ದನಿ ಹೊರಡಿಸುತ್ತದೆ. ಇದು ಎಚ್ಚರಿಕೆಯ ಗಂಟೆ. ಕೇಳಿಯೂ ತಿಂಗಳುಗಟ್ಟಲೆ ಓಡಿಸಿದರೆ ಕೀರಲು ಹೋಗಿ ‘ಗರಗರ’ ಬರುತ್ತದೆ. ಹಾಗೆಂದರೆ ಪ್ಯಾಡಿನ ಹಿಂಬದಿಯ ಕಬ್ಬಿಣವೇ ಡಿಸ್ಕನ್ನು ಕೊರೆಯುತ್ತಿದೆ! ಆಗ ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನೇ ಕರೆಸುವುದು ಮೇಲು.

ಇಣುಕಿ ನೋಡುವ ಕೆಲಸವನ್ನು ಅಪ್ಪ ಮಕ್ಕಳು ಭಾನುವಾರ ಬೆಳಿಗ್ಗೆ ಸೇರಿ ಮಾಡಬಹುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ತುಸು ಸಡಿಲಿಸಿ ನಂತರ ಜಾಕ್ ಏರಿಸುವುದು. ಜಾಕ್ ಒಂದನ್ನೇ ನಂಬಿ ಕಾರಿನಡಿ ಕೈ, ತಲೆ ಹಾಕುವುದು ಎಂದೂ ಕೂಡದು. ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಚಕ್ರ ಕಳಚಿದ ಮೇಲೆ ಕಪ್ಪು ಧೂಳನ್ನು ಬಾಯಿಂದ ಊದುವುದಾಗಲಿ, ಗಾಳಿ ಹೊಡೆಯುವುದಾಗಲಿ ಬೇಡ. ಹಳೆಯ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇದ್ದೀತು; ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಎರಡೂ ಪ್ಯಾಡ್‌ಗಳ ದಪ್ಪ ನೋಡಿ. ಹಿಂಬದಿಯ ಕಬ್ಬಿಣ ಬಿಟ್ಟು 3 ಮಿಲಿಮೀಟರ್‌ಗೆ ಇಳಿದಿದ್ದರೆ ಬದಲಾಯಿಸುವ ಕಾಲ ಬಂದಿದೆ. ಒಂದು ಸವೆದು ಇನ್ನೊಂದು ಹೊಸದರಂತಿದ್ದರೆ? ಅನೇಕ ಹಳೆಯ ಕಾರುಗಳ ನಿಜವಾದ ಕಾಯಿಲೆ ಇದೇ. ಕ್ಯಾಲಿಪರ್ ಆಚೀಚೆ ಸರಿಯುವ ಪಿನ್ ಕೆಸರು, ತುಕ್ಕು ತುಂಬಿ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸದೆ ಎಷ್ಟು ಜೊತೆ ಹೊಸ ಪ್ಯಾಡ್ ಹಾಕಿದರೂ ಹಣ ದಂಡ. ‘ಪ್ಯಾಡ್ ಹಾಕಿಸಿ ಆರು ತಿಂಗಳಾಗಿಲ್ಲ, ಮತ್ತೆ ಸದ್ದು’ ಎಂದು ಗೊಣಗುವವರು ಪಿನ್ ಬಿಚ್ಚಿ ಸ್ವಚ್ಛ ಮಾಡಿಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಜಿಡ್ಡಿಗೆ ಜಾಗವಿರುವುದು ಇಲ್ಲಿಯೇ. ಪಿನ್‌ಗೆ ರಬ್ಬರನ್ನು ಕೆಡಿಸದ ಸಿಲಿಕೋನ್ ಗ್ರೀಸ್, ಪ್ಯಾಡಿನ ಬೆನ್ನಿಗೆ ಶಾಖ ತಡೆಯುವ ಗ್ರೀಸನ್ನು ತೆಳುವಾಗಿ. ಕಂಪನ ತಗ್ಗಿ ಸದ್ದೂ ತಗ್ಗುತ್ತದೆ. ಡಿಸ್ಕಿಗೆ ತಾಗುವ ಮುಖಕ್ಕೆ ಮಾತ್ರ ಒಂದು ಹನಿಯೂ ಸಲ್ಲದು. ಪ್ಯಾಡ್ ಎಣ್ಣೆಯನ್ನು ಹೀರಿಕೊಂಡುಬಿಡುತ್ತದೆ. ಉಪ್ಪುಕಾಗದದಿಂದ ಎಷ್ಟು ತಿಕ್ಕಿದರೂ ಬಿಡದು. ಆ ಕಡೆಯ ಚಕ್ರ ಜಾರಿ, ಈ ಕಡೆಯದು ಹಿಡಿದು, ಕಾರು ಪಕ್ಕಕ್ಕೆ ಎಳೆಯುತ್ತದೆ. ಈಗಾಗಲೇ ಎಣ್ಣೆ ಬಿಟ್ಟಾಗಿದ್ದರೆ ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಎರಡೂ ಮುಂಚಕ್ರಗಳ ಪ್ಯಾಡ್ ಬದಲಾಯಿಸದೆ ಗತ್ಯಂತರವಿಲ್ಲ. ಅಂದಹಾಗೆ, ನಮ್ಮಲ್ಲಿ ‘ಬ್ರೇಕ್ ಆಯಿಲ್’ ಎನ್ನುವ ದ್ರವ ಎಣ್ಣೆಯೇ ಅಲ್ಲ. ಅದರ ಡಬ್ಬಿಗೆ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಊದಿ ಕೆಡುತ್ತವೆ.

ಕ್ಯಾಲಿಪರ್ ಬಿಚ್ಚುವ ಕೆಲಸವನ್ನು ಮೊದಲ ಸಲ ತಿಳಿದ ಮೆಕ್ಯಾನಿಕ್‌ಗೇ ಬಿಟ್ಟು ಮಗ ಅಥವಾ ಮಗಳು ಪಕ್ಕದಲ್ಲಿ ನಿಂತು ನೋಡಲಿ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಆದ್ದರಿಂದ ಎಂಜಿನ್ ಚಾಲೂ ಮಾಡುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಬ್ರೇಕನ್ನು ಮೃದುವಾಗಿ ಬಳಸಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಅಲ್ಲಿಯತನಕ ಅಲ್ಪಸ್ವಲ್ಪ ಸದ್ದು ಕೇಳಿದರೆ ಗಾಬರಿ ಬೇಡ.