ಬಿಯರ್ ಹಂಡೆಗೆ ಗ್ಯಾಸೋ, ಕರೆಂಟೋ?

ಪ್ರಶ್ನೆ: ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು ಪ್ರೊಪೇನ್ ಒಲೆ ಬಿಟ್ಟು ವಿದ್ಯುತ್ತಿಗೆ ಬದಲಾಗುವುದೇಕೆ?

ಉತ್ತರ: ಮುಖ್ಯ ಕಾರಣ, ಮನೆಯೊಳಗೇ ಕುದಿಸುವ ಅನುಕೂಲ. ಪ್ರೊಪೇನ್ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಹೊಮ್ಮುವ ಅಪಾಯವಿದೆ. ಅದನ್ನು ಬಯಲಲ್ಲೇ ಹಚ್ಚಬೇಕು, ಚಳಿಗಾಲದಲ್ಲೂ. ಉರಿಯ ಶಾಖದ ದೊಡ್ಡ ಪಾಲು ಹಂಡೆಯ ಪಕ್ಕದಿಂದ ಗಾಳಿಪಾಲಾಗುತ್ತದೆ. ವಿದ್ಯುತ್ ಹಂಡೆಯಲ್ಲಾದರೆ, ಬಿಸಿ ಮಾಡುವ ಕಾಯಿಲ್ ಮಾಲ್ಟ್ ರಸದಲ್ಲೇ ಮುಳುಗಿರುವುದರಿಂದ ಅದರ ಶಾಖ ಹೆಚ್ಚುಕಡಿಮೆ ಪೂರ್ತಿ ರಸಕ್ಕೇ ಸೇರುತ್ತದೆ. 5,500 ವ್ಯಾಟ್‌ನ ಕಾಯಿಲ್ 25 ಲೀಟರ್ ರಸವನ್ನು 65 ಡಿಗ್ರಿ ಸೆಲ್ಸಿಯಸ್‌ನಿಂದ ಕುದಿಯುವ ಮಟ್ಟಕ್ಕೆ ಸುಮಾರು 12 ನಿಮಿಷದಲ್ಲಿ ತರಬಲ್ಲದು.

ಆದರೆ 240 ವೋಲ್ಟ್‌ನಲ್ಲಿ ಅದು ಸುಮಾರು 23 ಆಂಪಿಯರ್ ಎಳೆಯುತ್ತದೆ. ಹೀಗಾಗಿ 30 ಆಂಪಿಯರ್‌ನ ಪ್ರತ್ಯೇಕ ಲೈನ್, ಕರೆಂಟ್ ಸೋರಿದೊಡನೆ ಕಡಿಯುವ ಬ್ರೇಕರ್, ಹಂಡೆಗೆ ಅರ್ತಿಂಗ್ ಬೇಕೇ ಬೇಕು. ವೈರಿಂಗನ್ನು ನುರಿತ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ. ಹಬೆ ಹೊರಹೋಗಲು ಎಕ್ಸಾಸ್ಟ್ ಫ್ಯಾನ್ ಇರಲಿ. ಕಾಯಿಲ್ ಪೂರ್ತಿ ಮುಳುಗದೆ ಸ್ವಿಚ್ ಹಾಕಲೇಬೇಡಿ.