ಒಳಲೆಯ ಬೆಳ್ಳಿ

ಹುಣಸಗಿಯ ನಮ್ಮ ಹಳೆಯ ಮನೆಯಲ್ಲಿ ಬೆಳ್ಳಿಯದೊಂದು ಒಳಲೆಯಿತ್ತು. ಬೆಳ್ಳಿ ನಂಜನ್ನು ಕಳೆಯುವುದೆಂದು ನಂಬಿದ್ದ ಅಜ್ಜಿ, ಮನೆಯ ಕೂಸುಗಳಿಗೆಲ್ಲ ಅದರಲ್ಲೇ ಹಾಲು ಕುಡಿಸುತ್ತಿದ್ದಳು. ಅದೇ ಒಳಲೆಯಲ್ಲಿ ಹಾಲುಂಡ ನನ್ನ ಕಿರಿಯ ತಂಗಿ ಒಂದು ಬೇಸಗೆಯಲ್ಲಿ ಭೇದಿಯಿಂದ ತೀರಿಕೊಂಡಳು. ಅಂದು ಪೆಟ್ಟಿಗೆ ಸೇರಿದ ಒಳಲೆಯನ್ನು ಅಜ್ಜಿ ಮತ್ತೆ ಹೊರತೆಗೆಯಲಿಲ್ಲ. ಬೆಳ್ಳಿ ಸುಳ್ಳಾಡಿತೆ?

ಬೆಳ್ಳಿಗೆ ಆ ಗುಣವಿರುವುದು ನಿಜ. 1881ರಲ್ಲಿ ಲೈಪ್‌ಜಿಗ್‌ನ ವೈದ್ಯ ಕ್ರೇಡೆ, ಸಿಲ್ವರ್ ನೈಟ್ರೇಟಿನ ಹನಿಯಿಂದ ನವಜಾತ ಶಿಶುಗಳ ಕಣ್ಣುಗಳನ್ನು ಅಂಧತ್ವದಿಂದ ಕಾಯುವ ವಿಧಾನವನ್ನು ಪ್ರಕಟಿಸಿದನು. ಅಲ್ಲಿ ಬೆಳ್ಳಿಯು ಕರಗಿ ಅಯಾನುಗಳ ರೂಪದಲ್ಲಿತ್ತು. ರೋಗಾಣುವಿನ ಗಂಧಕಯುಕ್ತ ಪ್ರೋಟೀನುಗಳಿಗೆ ಅಂಟಿ ಅದರ ಬಾಳನ್ನು ಕೆಡಿಸುವುದು ಈ ಅಯಾನುಗಳೇ. ಗಟ್ಟಿ ಬೆಳ್ಳಿಯಿಂದಲಾದರೋ ಅವು ಮೇಲ್ಮೈಯಿಂದ ಮಾತ್ರ, ಅತ್ಯಲ್ಪವಾಗಿ, ನಿಧಾನವಾಗಿ ಹೊರಬೀಳುತ್ತವೆ. ಹಾಲು ಒಳಲೆಯಲ್ಲಿ ನಿಲ್ಲುವ ಹೊತ್ತು ಅದಕ್ಕೆ ಸಾಲದು.

ಹಾಗಾದರೆ ಮೇಲ್ಮೈಯನ್ನು ಹೆಚ್ಚಿಸುವ ಬಗೆ ಹೇಗೆ? ಒಡೆಯುವುದರಿಂದ. ನಮ್ಮೂರ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆಯೇ ಆದಿಮಾನವನು ಸುಣ್ಣಕಲ್ಲನ್ನು ಒಡೆದು ಹರಿತವಾದ ಅಂಚುಗಳನ್ನು ಪಡೆದಿದ್ದನು. ಒಂದು ಸೆಂಟಿಮೀಟರ್ ಘನದ ಬೆಳ್ಳಿಗೆ 6 ಚದರ ಸೆಂಟಿಮೀಟರ್ ಮೇಲ್ಮೈ. ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಅದೇ ಬೆಳ್ಳಿಯನ್ನು 10 ನ್ಯಾನೋಮೀಟರಿನ ಘನಗಳಾಗಿ ಹೋಳುಮಾಡಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್!

ಆದರೆ ಕಲ್ಲಿನ ಚಕ್ಕೆಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ಹೊದಿಕೆಯಿಲ್ಲದ ಬೆಳ್ಳಿಯ ಕಣಗಳು ಹಾಗೆ ಉಳಿಯವು. ಜೇನಿನಂತೆ ಹಳದಿಯಾದ ಅವುಗಳ ದ್ರವಕ್ಕೆ ಉಪ್ಪು ಸೋಕಿದರೆ ಕಣಗಳು ಒಂದನ್ನೊಂದು ತಬ್ಬಿ, ಬೂದುಬಣ್ಣಕ್ಕೆ ತಿರುಗಿ, ಗಸಿಯಾಗಿ ತಳ ಸೇರುತ್ತವೆ. ಗಾಯದಿಂದ ಒಸರುವ ರಸವೂ ಉಪ್ಪಾದದ್ದೇ. ಅದಕ್ಕೆಂದೇ ಪಾಲಿವಿನೈಲ್ ಪೈರೋಲಿಡೋನಿನಂಥ ಪಾಲಿಮರಿನ ಹೊದಿಕೆ. ಅದರ ನೀಳವಾದ ಸರಪಳಿಗಳು ಕಣಕ್ಕೆ ಅಂಟಿ, ಹೊರಚಾಚಿ, ಕಣವನ್ನು ಕಣದಿಂದ ದೂರವಿಡುತ್ತವೆ. ಹೊದಿಕೆ ವಿರಳವಾದರೆ ಕಣಗಳು ಕೂಡಿಕೊಳ್ಳುತ್ತವೆ. ತೀರ ದಟ್ಟವಾದರೆ ಅಯಾನುಗಳ ದಾರಿಗೆ ಅಡ್ಡಿಯಾದೀತು. ಕಣ ತೀರ ಚಿಕ್ಕದಾದರೆ ಬೇಗನೆ ಕರಗುತ್ತದೆ. ಅಯಾನುಗಳು ಮಿತಿಮೀರಿದರೆ ನಮ್ಮ ಜೀವಕೋಶಗಳನ್ನೂ ಬಿಡುವುದಿಲ್ಲ.

ಇಂದು ಗಾಯದ ಪಟ್ಟಿ, ಬಟ್ಟೆ, ನೀರಿನ ಶೋಧಕಗಳ ಮೇಲೆ ಬೆಳ್ಳಿಯ ಹೆಸರು ಕಂಡಾಗ ನನ್ನಲ್ಲಿ ಏಳುವ ಪ್ರಶ್ನೆಗಳು ಎರಡೇ: ಕಣದ ಗಾತ್ರವೆಷ್ಟು? ಬಳಸುವ ದ್ರವದಲ್ಲಿ ಅದು ಎಷ್ಟು ದಿನ ಹಾಗೆಯೇ ಉಳಿದೀತು? ನಮ್ಮ ಒಳಲೆಯಲ್ಲಿ ಬೆಳ್ಳಿಗೇನೂ ಕೊರತೆಯಿರಲಿಲ್ಲ. ಅಜ್ಜಿ ಈಗಿಲ್ಲ, ಇದ್ದಿದ್ದರೆ ಅವಳೆದುರು ಕುಳಿತು, ತಪ್ಪು ನಿನ್ನದಲ್ಲವೆಂದು ಇಷ್ಟನ್ನೂ ಹೇಳುತ್ತಿದ್ದೆ.